‘ನಾಳೆ ರಜೆಯಂತೆ’ ಅನ್ನೋದು ಯಾವ ಅಲಂಕಾರ?

ಹತ್ತನೇ ತರಗತಿಗೆ ಅಲಂಕಾರದ ಪಾಠ ಶುರು ಮಾಡುವಾಗ ನಾನು ಬೋರ್ಡಿನ ಮೇಲೆ ಮೊದಲು ಬರೆಯೋದು ಈ ಎರಡು ಪದ: ‘ನಾಳೆ ರಜೆಯಂತೆ.’ ಯಾವ ಅಲಂಕಾರ ಅಂತ ಕೇಳುತ್ತೇನೆ. ಅರ್ಧ ಕ್ಲಾಸು ಒಟ್ಟಿಗೆ ಕೂಗುತ್ತದೆ, ‘ಉಪಮೆ ಮಿಸ್!’ ಯಾಕಪ್ಪಾ? ‘ಅಂತೆ ಇದೆಯಲ್ಲ ಮಿಸ್.’ ಉಳಿದ ಅರ್ಧ ಕ್ಲಾಸಿಗೆ ರಜೆ ನಿಜವಾ ಸುಳ್ಳಾ ಅನ್ನೋದೇ ಚಿಂತೆ.

ಮಕ್ಕಳನ್ನು ಬೈದು ಪ್ರಯೋಜನ ಇಲ್ಲ. ಅವರ ಕೈಲಿರುವ ಗೈಡೇ ಹಾಗೆ ಹೇಳಿಕೊಟ್ಟಿರುತ್ತದೆ. ಅಂತೆ, ಹಾಗೆ, ವೊಲ್, ತೆರದಿ ಇವೆಲ್ಲ ಉಪಮಾವಾಚಕ, ಅಂದರೆ ಹೋಲಿಕೆ ತೋರಿಸುವ ಪದ. ಕಂಡ ಕೂಡಲೇ ಉಪಮಾಲಂಕಾರ ಅಂತ ಬರೆಯಿರಿ, ಲಕ್ಷಣ ಬಾಯಿಪಾಠ ಒಪ್ಪಿಸಿ, ಸಮನ್ವಯ ಮಾಡಿ, ಅಂಕ ತಗೊಳ್ಳಿ. ಪರೀಕ್ಷೆಗೆ ಇದು ಸಾಕಾಗಿಬಿಡುತ್ತದೆ, ಅದೇ ಕಷ್ಟ. ‘ರಜೆಯಂತೆ’ಯಲ್ಲಿರುವ ಅಂತೆ ಯಾರೋ ತಂದ ಸುದ್ದಿ. ‘ಹೇಳಿದಂತೆ ಮಾಡು’ ಅನ್ನುವಾಗ ಅದು ಅಪ್ಪಣೆಯ ಅಳತೆ. ‘ದನ ಓಡದಂತೆ ಕಟ್ಟು’ ಅನ್ನುವಾಗ ಅದು ಎಚ್ಚರಿಕೆ. ‘ಸೀತೆಯ ಮುಖ ಕಮಲದಂತೆ ಅರಳಿತು’ ಅನ್ನುವಾಗ ಮಾತ್ರ ಹೋಲಿಕೆ. ಕನ್ನಡ ಮಾತಾಡುವ ಮಗುವಿಗೆ ಈ ವ್ಯತ್ಯಾಸ ಐದನೇ ವಯಸ್ಸಿಗೇ ಗೊತ್ತಿರುತ್ತದೆ. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಗೈಡು ಅದನ್ನು ಮರೆಸಿರುತ್ತದೆ.

ನಾನು ಸಾಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಅಲಂಕಾರ, ಛಂದಸ್ಸು ಅಂದರೆ ಮಕ್ಕಳು ಮುಖ ಸಿಂಡರಿಸೋದನ್ನು ವರ್ಷಾ ವರ್ಷಾ ನೋಡುತ್ತಿದ್ದೇನೆ. ನನಗೋ ಇಡೀ ಪಠ್ಯದಲ್ಲಿ ಅತಿ ಇಷ್ಟವಾದ ಭಾಗ ಅದೇ. ಹೆಸರುಗಳನ್ನು ಮೊದಲು ಕೊಟ್ಟು ಆಮೇಲೆ ಪದ್ಯ ಕೊಡುವುದೇ ಎಲ್ಲ ಎಡವಟ್ಟಿನ ಮೂಲ ಅಂತ ನನ್ನ ವಾದ. ಮೊದಲು ಕಿವಿಗೆ ಬೀಳಬೇಕು, ಬಾಯಲ್ಲಿ ಆಡಬೇಕು. ಏನೋ ನಡೆಯುತ್ತಿದೆ ಅಂತ ಗೊತ್ತಾದ ಮೇಲೆ ಅದಕ್ಕೆ ಹೆಸರು ಕೇಳುವ ಆಸೆ ತಾನಾಗಿ ಹುಟ್ಟುತ್ತದೆ.

ನಮ್ಮ ಶಾಲೆಯ ಎರಡು ಕೋಣೆಗೆ ತಗಡಿನ ಶೀಟು. ಜುಲೈ ತಿಂಗಳಲ್ಲಿ ಮಲೆನಾಡಿನ ಮಳೆ ಹಿಡಿದರೆ ಪಾಠ ಕೇಳಿಸೋದಿಲ್ಲ. ಒಂದು ಸಲ ಆ ಮಳೆಯನ್ನೇ ಪಾಠ ಮಾಡಿಬಿಟ್ಟೆ. ‘ಶೀಟಿನ ಮೇಲೆ ಮಳೆ ಬೀಳುತ್ತಿದೆ’ ಅಂತ ಬರೆದು, ಇದಕ್ಕೆ ತಮಟೆಯನ್ನು ಸೇರಿಸಿ ಅಂದೆ. ಮೊದಲು ಬಂದದ್ದು ‘ಮಳೆ ಶೀಟಿನ ಮೇಲೆ ತಮಟೆ ಬಾರಿಸಿದಂತೆ ಬೀಳುತ್ತಿದೆ.’ ಸರಿ, ಈಗ ‘ಅಂತೆ’ ತೆಗೆಯಿರಿ ಅಂದೆ. ‘ಶೀಟಿನ ಮೇಲೆ ಮಳೆಯ ತಮಟೆ.’ ಹಿಂದಿನ ಬೆಂಚಿನ ಹುಡುಗ ಹೇಳಿದ್ದು ಇದು. ಈಗ ಮಳೆಗೆ ಒಂದು ಉದ್ದೇಶ ಕೊಡಿ ಅಂದೆ. ‘ಮಿಸ್ ಪಾಠ ನಿಲ್ಲಿಸಲಿ ಅಂತಲೇ ಮಳೆ ತಮಟೆ ಬಾರಿಸುತ್ತಿದೆಯೋ ಎಂಬಂತೆ ಇದೆ.’ ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಕೊನೆಗೆ ಒಬ್ಬಳು, ‘ಈ ಸದ್ದಿನ ಮುಂದೆ ಯಾವ ತಮಟೆ ಮಿಸ್?’ ಅಂದಳು.

ಉಪಮೆ, ರೂಪಕ, ಉತ್ಪ್ರೇಕ್ಷೆ, ವ್ಯತಿರೇಕ. ನಾಲ್ಕೂ ಬಂದುಬಿಟ್ಟವು. ಹೆಸರುಗಳನ್ನು ಆಮೇಲೆ ಪಕ್ಕದಲ್ಲಿ ಬರೆದೆ. ಅದೇ ಮಳೆ, ಅದೇ ತಮಟೆ. ಆದರೆ ವಾಕ್ಯ ತಿರುಗಿದ ಹಾಗೆಲ್ಲ ಹೇಳುವವರ ಮನಸ್ಸು ಬದಲಾಗಿದೆ. ಉಪಮೆ ಹೇಳುವವಳು ಮಳೆಯನ್ನೂ ತಮಟೆಯನ್ನೂ ಬೇರೆ ಬೇರೆ ಇಟ್ಟುಕೊಂಡೇ ಮಾತಾಡುತ್ತಾಳೆ. ರೂಪಕ ಹೇಳಿದವನಿಗೆ ಆ ಕ್ಷಣ ಎರಡೂ ಒಂದೇ. ಉತ್ಪ್ರೇಕ್ಷೆ ಹೇಳುವವನು ಊಹೆ ಮಾಡುತ್ತಿದ್ದಾನೆ, ತಾನು ಊಹಿಸುತ್ತಿದ್ದೇನೆ ಅನ್ನೋದೂ ಅವನಿಗೆ ಗೊತ್ತು. ವ್ಯತಿರೇಕದವಳು ತಮಟೆಯನ್ನು ಪಕ್ಕಕ್ಕೆ ತಳ್ಳಿಬಿಟ್ಟಳು.

ಉತ್ಪ್ರೇಕ್ಷೆ ಅಂದರೆ ಕರ್ನಾಟಕದಲ್ಲಿ ಹತ್ತನೇ ತರಗತಿ ಓದಿದ ಎಲ್ಲರಿಗೂ ನೆನಪಾಗೋದು ಅಚ್ಚೋದ ಸರೋವರ. ತ್ರೈಲೋಕ್ಯಲಕ್ಷ್ಮಿಯು ತನ್ನ ಸೌಂದರ್ಯ ನೋಡಿಕೊಳ್ಳಲು ಇಟ್ಟ ರನ್ನಗನ್ನಡಿಯೋ ಎಂಬಂತೆ ಚಂದ್ರಾಪೀಡನಿಗೆ ಕಂಗೊಳಿಸಿತು. ತಲೆಮಾರುಗಳು ಇದನ್ನು ಉರು ಹೊಡೆದಿವೆ. ಚಂದ್ರಾಪೀಡ ಯಾರು, ಆ ಸರೋವರಕ್ಕೆ ಯಾಕೆ ಬಂದ ಅಂತ ಕೇಳಿ ನೋಡಿ, ಯಾರೂ ಬಾಯಿ ಬಿಡೋದಿಲ್ಲ. ವಾಕ್ಯ ಮಾತ್ರ ಉಳಿದಿದೆ, ಬಾಣನ ‘ಕಾದಂಬರಿ’ ಹೋಗಿದೆ. ನನಗೆ ಆ ವಾಕ್ಯದ ಮೇಲೆ ಸಿಟ್ಟಿಲ್ಲ, ಚೆಂದದ ವಾಕ್ಯವೇ. ಆದರೆ ನಮ್ಮೂರಿನ ಹುಡುಗ ಶರಾವತಿ ಹಿನ್ನೀರಿನ ಮುಂದೆ ನಿಂತು, ‘ಮುಳುಗಿದ ಊರುಗಳ ಮೇಲೆ ಯಾರೋ ಕಂಬಳಿ ಹೊದಿಸಿದ್ದಾರೋ ಎಂಬಂತೆ’ ಅಂತ ಬರೆದ ದಿನ ಅವನಿಗೆ ಉತ್ಪ್ರೇಕ್ಷೆ ಮತ್ತೆ ಹೇಳಿಕೊಡಬೇಕಾಗಿ ಬರಲಿಲ್ಲ. ಅವನ ಅಜ್ಜನ ಮನೆ ಆ ನೀರಿನ ಕೆಳಗಿದೆ.

ಉಪಮೆಗೆ ನಾಲ್ಕು ಅಂಗ. ಯಾವುದನ್ನು ಹೋಲಿಸುತ್ತೇವೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಹೋಲಿಕೆಯ ಪದ ಉಪಮಾವಾಚಕ, ಎರಡಕ್ಕೂ ಇರುವ ಗುಣ ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದೋ ಎರಡೋ ಬಿಟ್ಟಿದ್ದರೆ ಲುಪ್ತೋಪಮೆ. ಈ ವಿಂಗಡಣೆಯನ್ನು ಸುಮ್ನೆ ಉರು ಹೊಡೆದರೆ ಒಣ ಹುಲ್ಲು. ಬಸವಣ್ಣನ ‘ನುಡಿದರೆ ಮುತ್ತಿನ ಹಾರದಂತಿರಬೇಕು’ ವಚನದ ಪಕ್ಕ ಇಟ್ಟು ನೋಡಿ. ಮುತ್ತಿನ ಹಾರದಂತೆ, ಮಾಣಿಕ್ಯದ ದೀಪ್ತಿಯಂತೆ, ಸ್ಫಟಿಕದ ಸಲಾಕೆಯಂತೆ. ಉಪಮೇಯ ಒಂದೇ, ನುಡಿ. ಉಪಮಾನ ಮೂರು. ವಾಚಕವೂ ಇದೆ. ಸಮಾನಧರ್ಮ ಎಲ್ಲಿ? ಇಲ್ಲ. ಮುತ್ತಿನ ಹಾರದ ಯಾವ ಗುಣ ಮಾತಿಗಿರಬೇಕು ಅಂತ ಬಸವಣ್ಣ ಹೇಳಿಲ್ಲ. ಅದನ್ನು ನಮಗೆ ಬಿಟ್ಟಿದ್ದಾನೆ.

ಇದನ್ನು ಕ್ಲಾಸಿನಲ್ಲಿ ಕೇಳಿದರೆ ಒಂದು ಪೀರಿಯಡ್ ಪೂರ್ತಿ ಹೋಗುತ್ತದೆ. ಹಾರ ಅಂದರೆ ಒಂದಾದ ಮೇಲೆ ಒಂದು, ಪೋಣಿಸಿದ್ದು, ಚೆಲ್ಲಾಪಿಲ್ಲಿ ಅಲ್ಲ ಅಂದರು. ದೀಪ್ತಿ ಅಂದರೆ ಪಕ್ಕದವರಿಗೂ ಬೆಳಕು ಸಿಗಬೇಕು ಅಂದರು. ಸಲಾಕೆಗೆ ಸ್ವಲ್ಪ ತಡವಾಯಿತು. ಸ್ಫಟಿಕ ಅಂದರೆ ಆಚೆ ಕಾಣುತ್ತದೆ, ಒಳಗೊಂದು ಹೊರಗೊಂದು ಇಲ್ಲ. ಹಾಗಾದರೆ ಸ್ಫಟಿಕ ಅಂದರೆ ಸಾಕಿತ್ತಲ್ಲ, ಸಲಾಕೆ ಯಾಕೆ? ‘ನೆಟ್ಟಗಿರಬೇಕು ಮಿಸ್, ಬಳುಕಬಾರದು.’ ಆಮೇಲಿನ ಸಾಲು ನೋಡಿ: ‘ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು.’ ಇಲ್ಲಿ ‘ಅಂತೆ’ ಇಲ್ಲ. ಮೂರು ಹೋಲಿಕೆ ಕೊಟ್ಟವನು ನಾಲ್ಕನೆಯದಕ್ಕೆ ಹೋಲಿಕೆಯನ್ನೇ ಬಿಟ್ಟು ನೇರ ಪರೀಕ್ಷೆಗೆ ನಿಲ್ಲಿಸಿದ. ‘ಲುಪ್ತೋಪಮೆ’ ಅನ್ನುವ ಹೆಸರು ಗೊತ್ತಿಲ್ಲದೆಯೂ ಈ ವಚನ ಸವಿಯಬಹುದು, ನಿಜ. ಆದರೆ ‘ಏನು ಬಿಟ್ಟಿದ್ದಾನೆ?’ ಅಂತ ಕೇಳುವ ಬುದ್ಧಿ ನನಗೆ ಬಂದದ್ದು ಆ ನಾಲ್ಕು ಅಂಗಗಳ ಪಟ್ಟಿಯಿಂದಲೇ.

ದೃಷ್ಟಾಂತಕ್ಕೂ ಅರ್ಥಾಂತರನ್ಯಾಸಕ್ಕೂ ಗೊಂದಲ ಆಗದವರು ಕಡಿಮೆ. ಬಿ.ಎಡ್. ಮಾಡುವಾಗ ನನ್ನ ಜೊತೆಯವರೂ ತಡಕಾಡುತ್ತಿದ್ದರು. ನಾನು ಕಿವಿಗೆ ಬಿಡುವ ಪರೀಕ್ಷೆ ಹೀಗಿದೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ನಡುವೆ ‘ಹಾಗೇನೇ’ ಅಂತ ಸೇರಿಸಿ ಹೇಳಿ ನೋಡಿ, ಕೂಡುತ್ತದೆ. ಎರಡು ಮಾತು ಎದುರುಬದುರು ನಿಂತಿವೆ, ಒಂದು ಬಿಂಬ, ಇನ್ನೊಂದು ಪ್ರತಿಬಿಂಬ. ಅದು ದೃಷ್ಟಾಂತ. ಈಗ ಇದು: ‘ಅವನು ಮತ್ತೆ ಸಾಲ ಮಾಡಿದನಂತೆ. ಹುಟ್ಟುಗುಣ ಸುಟ್ಟರೂ ಹೋಗದು.’ ಇಲ್ಲಿ ‘ಹಾಗೇನೇ’ ಕೂಡೋದಿಲ್ಲ. ‘ಮತ್ತಿನ್ನೇನು!’ ಅಂತ ಸೇರಿಸಬೇಕು. ಒಬ್ಬನ ಸಂಗತಿ ಹೇಳಿ, ಅದಕ್ಕೆ ಲೋಕಕ್ಕೆಲ್ಲ ಸಲ್ಲುವ ಮಾತಿನ ಊರುಗೋಲು ಕೊಡೋದು ಅರ್ಥಾಂತರನ್ಯಾಸ. ತಿರುಗಿಸಿ, ಲೋಕದ ಮಾತು ಹೇಳಿ ಒಬ್ಬನ ಸಂಗತಿಯಿಂದ ಗಟ್ಟಿ ಮಾಡಿದರೂ ಅದೇ. ನಮ್ಮಜ್ಜಿ ದಿನವಿಡೀ ಮಾತಾಡುತ್ತಿದ್ದದ್ದು ಈ ಅಲಂಕಾರದಲ್ಲೇ. ಕೇರಿಯ ಸುದ್ದಿ ಒಂದು, ಬಾಲಕ್ಕೆ ಗಾದೆ ಒಂದು. ಹೆಸರು ಕೇಳಿದ್ದರೆ ಹೆದರಿ ಬಾಯಿ ಮುಚ್ಚುತ್ತಿದ್ದಳೋ ಏನೋ.

ಶಬ್ದಾಲಂಕಾರ, ಅಂದರೆ ಸದ್ದಿನ ಅಲಂಕಾರ, ನನಗೆ ಅಷ್ಟು ಹೊತ್ತು ತಗೊಳ್ಳೋದಿಲ್ಲ. ಛೇಕಾನುಪ್ರಾಸ, ವೃತ್ತ್ಯನುಪ್ರಾಸ, ಯಮಕ. ನಾಲಿಗೆ ತಿರುಚುವ ಆಟ ಆಡಿಸಿದರೆ ಮಕ್ಕಳಿಗೆ ಬಂದುಬಿಡುತ್ತದೆ. ‘ಹಾಡಿ ಹಾಡಿ ರಾಗ, ಉಗುಳಿ ಉಗುಳಿ ರೋಗ’ ಅಂತ ಒಂದು ಸಲ ಹೇಳಿಸಿದರೆ ಸಾಕು.

ಹೆಚ್ಚು ಹೊತ್ತು ಬೇಕಾಗೋದು ಛಂದಸ್ಸಿಗೆ. ಇಲ್ಲಿ ಮೊದಲ ಹೆಜ್ಜೆಯಲ್ಲೇ ಮಕ್ಕಳನ್ನು ಕಳೆದುಕೊಳ್ಳುತ್ತೇವೆ. ಹಳಗನ್ನಡದ ಪದ್ಯ ಕೊಟ್ಟು ‘ಪ್ರಸ್ತಾರ ಹಾಕಿ, ಗಣ ವಿಂಗಡಿಸಿ’ (ಅಕ್ಷರಗಳಿಗೆ ಅಳತೆಯ ಗುರುತು ಹಾಕಿ, ಸಾಲನ್ನು ತುಂಡು ಮಾಡಿ) ಅಂದರೆ ಅರ್ಥವೇ ಆಗದ ಪದ್ಯಕ್ಕೆ ಮಗು ಗೆರೆ ಎಳೆಯುತ್ತಾ ಕೂರಬೇಕು. ನಾನು ಪದ್ಯ ಕೊಡೋದಿಲ್ಲ. ಬಸ್ ಬೋರ್ಡು ಕೊಡುತ್ತೇನೆ.

ನಿಯಮ ಚಿಕ್ಕದು. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಗೆ ಮಾತ್ರೆ ಅನ್ನುತ್ತಾರೆ. ಒಂದು ಮಾತ್ರೆಯ ಅಕ್ಷರ ಲಘು, ಅದಕ್ಕೆ ಅರ್ಧಚಂದ್ರ. ಎರಡು ಮಾತ್ರೆಯದು ಗುರು, ಅದಕ್ಕೆ ಅಡ್ಡಗೆರೆ. ದೀರ್ಘ ಸ್ವರ ಇದ್ದರೆ ಗುರು, ಸೊನ್ನೆ ಅಥವಾ ವಿಸರ್ಗ ಇದ್ದರೆ ಗುರು, ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು, ಅರ್ಧಕ್ಷರ ಅಂಟಿಕೊಂಡರೂ ಗುರು. ಸರಿ, ಈಗ ನಮ್ಮ ಜಿಲ್ಲೆಯ ಏಳು ತಾಲೂಕು ಹಿಡಿಯಿರಿ. ಸೊರಬ: ಮೂರೂ ಲಘು, ಮೂರು ಮಾತ್ರೆ. ಸಾಗರ: ಗುರು ಲಘು ಲಘು, ನಾಲ್ಕು. ಹೊಸನಗರ: ಐದು ಲಘು, ಐದು ಮಾತ್ರೆ. ಶಿವಮೊಗ್ಗ: ಅಕ್ಷರ ನಾಲ್ಕು, ಮಾತ್ರೆ ಐದು, ಯಾಕೆಂದರೆ ‘ಮೊ’ ಮುಂದಿನ ಒತ್ತಿಗೆ ಗುರುವಾಯಿತು. ತೀರ್ಥಹಳ್ಳಿ, ಭದ್ರಾವತಿ, ಶಿಕಾರಿಪುರ ಮೂರಕ್ಕೂ ಆರಾರು ಮಾತ್ರೆ. ಆದರೆ ಮೂರರ ನಡಿಗೆ ಬೇರೆ ಬೇರೆ. ‘ತೀರ್ಥಹಳ್ಳಿ’ ಅಂತ ಎರಡು ಸಮ ತುಂಡಾಗಿ ಹೇಳಬಹುದು, ಮೂರು ಮತ್ತು ಮೂರು. ‘ಭದ್ರಾವತಿ’ ನಾಲ್ಕು ಮತ್ತು ಎರಡು. ಕಂಡಕ್ಟರ್ ಕೂಗೋದನ್ನು ಕೇಳಿದ್ದೀರಲ್ಲ? ಅವನಿಗೆ ಗಣ ವಿಂಗಡಣೆ ಬರುತ್ತದೆ.

ಈ ಆಟದಲ್ಲಿ ನನಗೆ ಸಿಕ್ಕಿದ ಚಿನ್ನ ಏನು ಗೊತ್ತಾ? ‘ಸೊರಬ ಸಾಗರ’. ಮೂರು, ನಾಲ್ಕು. ಭಾಮಿನೀ ಷಟ್ಪದಿ ಅನ್ನುವ ಆರು ಸಾಲಿನ ಪದ್ಯದ ಒಂದು ಸಾಲಿಗೆ ಬೇಕಾದದ್ದು ಮೂರು ನಾಲ್ಕು, ಮೂರು ನಾಲ್ಕು. ಅಂದರೆ ಅರ್ಧ ಸಾಲು ಬಸ್ ಬೋರ್ಡಿನಲ್ಲೇ ಬರೆದಿದೆ! ಉಳಿದರ್ಧ ತುಂಬಿಸಿ ಅಂದೆ. ‘ದಾಟಿ ಬಂದರೆ’ ಅಂತ ಬಂತು. ಮೂರು, ನಾಲ್ಕು. ಆಮೇಲೆ ಪ್ರಾಸದ ಮಾತು ತೆಗೆದೆ. ಕನ್ನಡದ ಹಳೆಯ ಕಟ್ಟಳೆಯಲ್ಲಿ ಪ್ರಾಸ ಇರೋದು ಸಾಲಿನ ಕೊನೆಗಲ್ಲ, ತಲೆಯ ಹತ್ತಿರ, ಎರಡನೇ ಅಕ್ಷರದಲ್ಲಿ. ಮೊದಲ ಸಾಲಿನಲ್ಲಿ ‘ಸೊರ’ ಇದ್ದರೆ ಎಲ್ಲ ಸಾಲಿನ ಎರಡನೇ ಅಕ್ಷರದಲ್ಲೂ ರಕಾರ ಬರಬೇಕು. ಮೊದಲಕ್ಷರ ಅಲ್ಲಿ ಲಘುವಾದರೆ ಉಳಿದ ಕಡೆಯೂ ಲಘುವೇ. ಒಂದು ಗಂಟೆ ಗಲಾಟೆ ಮಾಡಿ ಕ್ಲಾಸು ಕಟ್ಟಿದ್ದು ಇಷ್ಟು:

ಸೊರಬ ಸಾಗರ ದಾಟಿ ಬಂದರೆ
ಮರದ ಸಾಲಿನ ನಡುವೆ ಹೊಳೆಯಿದೆ
ಕರೆವ ಬಸ್ಸಿನ ಸದ್ದು ಕೇಳದೆ ನಿದ್ದೆ ಹೋದವರೇ

ಮೂರನೇ ಸಾಲಿಗೆ ಏಳೇಳು ಮಾತ್ರೆಯ ಮೂರು ತುಂಡು, ಕೊನೆಗೊಂದು ಗುರು. ಎಣಿಸಿ ನೋಡಿ, ಸರಿಯಾಗಿದೆ. ಕಾವ್ಯ ಅಂತ ಯಾರೂ ಬಹುಮಾನ ಕೊಡೋದಿಲ್ಲ, ಬಿಡಿ. ಷಟ್ಪದಿಗೆ ಆರು ಸಾಲು ಬೇಕು, ಇದು ಮೂರಕ್ಕೇ ನಿಂತಿದೆ. ಉಳಿದ ಮೂರು ಬರೆಯುವ ಮೊದಲೇ ಬೆಲ್ಲು ಹೊಡೆಯಿತು. ನಿದ್ದೆ ಹೋದವರಿಗೆ ಮುಂದೇನಾಯಿತು ಅಂತ ಇವತ್ತಿಗೂ ಜಗಳ ನಡೆದಿದೆ.

ಈ ಕಸರತ್ತು ಆದ ಮೇಲೆ ಕುಮಾರವ್ಯಾಸನ ಹತ್ತಿರ ಹೋದರೆ ಮಕ್ಕಳ ಕಣ್ಣೇ ಬೇರೆ. 15ನೇ ಶತಮಾನದ ಗದುಗಿನ ಕವಿ, ಮಹಾಭಾರತದ ಹತ್ತು ಪರ್ವ ಪೂರ್ತಿ ಭಾಮಿನಿಯಲ್ಲೇ ನಡೆಸಿದವನು. ಅವನದೊಂದು ಒಗಟಿನ ಪದ್ಯ ಇದೆಯಲ್ಲ:

ವೇದಪುರುಷನ ಸುತನ ಸುತನ ಸ
ಹೋದರನ ಹೆಮ್ಮಗನ ಮಗನ ತ
ಳೋದರಿಯ ಮಾತುಳನ ಮಾವನನತುಳ ಭುಜಬಲದಿ

ನೆಂಟಸ್ತಿಕೆ ಬಿಡಿಸುತ್ತಾ ಹೋದರೆ ಕೊನೆಗೆ ಕುಂತಿಯ ನಾದಿನಿ ದೇವಕಿಗೆ, ಅವಳ ಹೊಟ್ಟೆಯಲ್ಲಿ ಹುಟ್ಟಿದ ಕೃಷ್ಣನಿಗೆ ಬಂದು ನಿಲ್ಲುತ್ತದೆ. ನಡುವಿನ ಗಂಟು ಬಿಡಿಸುವ ಕೆಲಸ ಮನೆಯ ಹಿರಿಯರಿಗೆ ವಹಿಸಿ. ನಾನು ತೋರಿಸೋದು ಸಾಲಿನ ಕೊನೆಯನ್ನು. ‘ಸಹೋದರ’ ಅನ್ನುವ ಪದವನ್ನು ಕವಿ ಯಾಕೆ ಮುರಿದ? ‘ಸ’ ಒಂದು ಸಾಲಿನಲ್ಲಿ, ‘ಹೋದರ’ ಇನ್ನೊಂದು ಸಾಲಿನಲ್ಲಿ. ‘ತಳೋದರಿ’ಗೂ ಅದೇ ಗತಿ. ಪ್ರಸ್ತಾರ ಹಾಕಿದವರಿಗೆ ತಕ್ಷಣ ಗೊತ್ತಾಗುತ್ತದೆ. ಮೊದಲ ಸಾಲಿನ ಹದಿನಾಲ್ಕು ಮಾತ್ರೆ ‘ಸ’ಕ್ಕೆ ಮುಗಿದುಹೋಯಿತು. ಮುರಿದದ್ದರಿಂದ ಎರಡನೇ ಸಾಲು ‘ಹೋದ’ ಅಂತ, ಮೂರನೆಯದು ‘ಳೋದ’ ಅಂತ ಶುರುವಾಗಿ ‘ವೇದ’ದ ಜೊತೆ ಪ್ರಾಸ ಕೂಡಿತು. ಲೆಕ್ಕವೂ ಸರಿ, ಪ್ರಾಸವೂ ಸರಿ. ಕೇಳುವವನಿಗೋ, ಸಾಲು ಮುಗಿದರೂ ಪದ ಮುಗಿದಿಲ್ಲವಾದ್ದರಿಂದ ಮುಂದಿನ ಸಾಲಿಗೆ ಕುತ್ತಿಗೆ ಚಾಚಬೇಕಾಗುತ್ತದೆ. ಒಗಟಿಗೆ ಇದಕ್ಕಿಂತ ಒಳ್ಳೆಯ ನಡಿಗೆ ಯಾವುದಿದೆ? ಶಿವಮೊಗ್ಗದ ಹತ್ತಿರ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆಗೆ, ಹೆಸರಾದ ಊರು. ಗಮಕಿಗಳು ಇಂಥ ಪದ್ಯ ವಾಚಿಸೋದನ್ನು ಒಮ್ಮೆ ಕೇಳಿದರೆ ಈ ಮುರಿತ ಕಾಗದದ ಮೇಲಿನ ವಿಷಯ ಅಲ್ಲ ಅನ್ನೋದು ಗೊತ್ತಾಗುತ್ತದೆ.

ಅದೇ ಪದ್ಯದ ಕೊನೆಯ ಸಾಲು ‘ನಾದಿಮೂರುತಿ ಸಲಹೊ ಗದುಗಿನ ವೀರನಾರಯಣ’. ನಾರಾಯಣ ಅಲ್ಲ, ನಾರಯಣ. ಪುಸ್ತಕದಲ್ಲಿ ಅಚ್ಚಿನ ತಪ್ಪು ಅಂತ ಪ್ರತಿ ವರ್ಷ ಯಾರಾದರೂ ಒಬ್ಬರು ನನಗೆ ತೋರಿಸುತ್ತಾರೆ. ಪ್ರಸ್ತಾರ ಹಾಕು ಅನ್ನುತ್ತೇನೆ. ‘ವೀರ’ ಮೂರು, ‘ನಾರಯ’ ನಾಲ್ಕು, ‘ಣ’ ಸಾಲಿನ ಕೊನೆಯ ಗುರು (ಅಲ್ಲಿ ಹ್ರಸ್ವ ಬಂದರೂ ಗುರು ಅಂತಲೇ ಎಣಿಸುತ್ತಾರೆ). ‘ನಾರಾಯಣ’ ಅಂದರೆ ಒಂದು ಮಾತ್ರೆ ಜಾಸ್ತಿ. ಅಷ್ಟು ಭಕ್ತಿಯ ಕವಿ, ತನ್ನ ದೈವದ ಹೆಸರಿನಲ್ಲೇ ಒಂದು ಮಾತ್ರೆ ಕಿತ್ತುಕೊಂಡ. ‘ಮೂರ್ತಿ’ಯನ್ನು ‘ಮೂರುತಿ’ ಮಾಡಿ ಒಂದು ಮಾತ್ರೆ ಕೊಟ್ಟವನೂ ಅವನೇ, ಅದೇ ಸಾಲಿನಲ್ಲಿ. ಒಂದು ಕಡೆ ಕಿತ್ತು ಇನ್ನೊಂದು ಕಡೆ ತುಂಬಿದ. ಇದನ್ನು ತೋರಿಸಿದಾಗ ನಮ್ಮ ಗಣಿತದ ಮೇಷ್ಟ್ರು ಕೂಡ ಸ್ಟಾಫ್ ರೂಮಿನಲ್ಲಿ ಪೇಪರ್ ಕೆಳಗಿಟ್ಟು ಕೇಳಿದರು.

ಉಳಿದ ಐದು ಷಟ್ಪದಿ ಶರ, ಕುಸುಮ, ಭೋಗ, ಪರಿವರ್ಧಿನಿ, ವಾರ್ಧಕ. ಪಟ್ಟಿ ಉರು ಹೊಡೆಯಬೇಕಾಗಿಲ್ಲ. ಮೂರರ ನಡೆಯಾ, ನಾಲ್ಕರ ನಡೆಯಾ, ಐದರ ನಡೆಯಾ ಅಂತ ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ನೋಡಿದರೆ ಸಾಕು. ಐದರ ನಡೆ ಉದ್ದ ಸಾಲಾಗಿ ಬಂದರೆ ವಾರ್ಧಕ, ಅಲ್ಲಿ ರಾಘವಾಂಕನ ಹರಿಶ್ಚಂದ್ರ ನಿಂತಿದ್ದಾನೆ, ಲಕ್ಷ್ಮೀಶನೂ ಇದ್ದಾನೆ. ರಗಳೆ ಅನ್ನುವ ಇನ್ನೊಂದು ಪದ್ಯಜಾತಿಯಲ್ಲೂ ಇದೇ ಉಪಾಯ: ಉತ್ಸಾಹಕ್ಕೆ ಮೂರು, ಮಂದಾನಿಲಕ್ಕೆ ನಾಲ್ಕು, ಲಲಿತಕ್ಕೆ ಐದು.

ಇನ್ನು ಅಕ್ಷರಗಣ, ಅಂದರೆ ಮೂರು ಮೂರು ಅಕ್ಷರದ ತುಂಡು. ಮ, ನ, ಭ, ಯ, ಜ, ರ, ಸ, ತ. ಇದನ್ನು ನೆನಪಿಡಲು ಇರುವ ಸೂತ್ರಪದ್ಯ ನಿಮಗೂ ಬರುತ್ತಿರಬಹುದು:

ಗುರುಲಘು ಮೂರಿರೆ ಮನಗಣ
ಗುರುಲಘು ಮೊದಲಲ್ಲಿ ಬರಲು ಭಯಗಣಮೆಂಬರ್
ಗುರುಲಘು ನಡುವಿರೆ ಜರಗಣ
ಗುರುಲಘು ಕೊನೆಯಲ್ಲಿ ಬರಲು ಸತಗಣಮಕ್ಕುಂ

ಎಲ್ಲರೂ ಇದನ್ನು ಗಣ ಹುಡುಕಲು ಬಳಸಿ ಪಕ್ಕಕ್ಕಿಡುತ್ತಾರೆ. ಇದಕ್ಕೇ ಪ್ರಸ್ತಾರ ಹಾಕಿ ನೋಡಿದವರು ಕಡಿಮೆ. ಹಾಕಿ. ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು ಮಾತ್ರೆ. ಇದು ಕಂದಪದ್ಯ, ಹಳಗನ್ನಡದ ನಾಲ್ಕು ಸಾಲಿನ ಪದ್ಯ! ಎರಡನೇ ಅಕ್ಷರ ನಾಲ್ಕೂ ಕಡೆ ‘ರು’, ಪ್ರಾಸ ಸರಿಯಾಗಿದೆ. ಕಂದದ ಗಣಕ್ಕೆ ನಾಲ್ಕು ನಾಲ್ಕು ಮಾತ್ರೆ, ಅದರಲ್ಲಿ ಆರನೇ ಗಣ ಒಂದೋ ಜಗಣ (ಲಘು ಗುರು ಲಘು) ಆಗಬೇಕು, ಇಲ್ಲವೇ ನಾಲ್ಕೂ ಲಘು ಆಗಬೇಕು ಅಂತ ಕಟ್ಟುನಿಟ್ಟು. ಆರನೇ ಗಣ ಎಣಿಸಿ: ‘ಲ್ಲಿ ಬರಲು’. ನಾಲ್ಕೂ ಲಘು. ವೃತ್ತಗಳ, ಅಂದರೆ ಗುರು ಲಘುಗಳ ಕ್ರಮವೇ ನಿಗದಿಯಾದ ಪದ್ಯಗಳ, ಸೂತ್ರಪದ್ಯದಲ್ಲೂ ಇದೇ ಕುಸುರಿ. ‘ಗುರುವೊಂದಾದಿಯೊಳುತ್ಪಲಂ’ ಅಂತ ಶುರುವಾಗಿ ಆರು ಖ್ಯಾತಕರ್ಣಾಟಕ ವೃತ್ತಗಳನ್ನು ಮೊದಲ ಕೆಲವು ಅಕ್ಷರ ನೋಡಿಯೇ ಗುರುತಿಸಲು ಕಲಿಸುತ್ತದಲ್ಲ, ಅದು ತಾನೇ ಆ ಆರರಲ್ಲೊಂದಾದ ಮತ್ತೇಭವಿಕ್ರೀಡಿತ. ಎರಡು ಲಘು, ಎರಡು ಗುರು: ಗು, ರು, ವೊಂ, ದಾ. ಸೂತ್ರ ಹೇಳುವುದನ್ನು ಸೂತ್ರವೇ ಮಾಡಿ ತೋರಿಸಿದೆ. ನಡುವೆ ‘ಹರಿಣಾಕ್ಷೀ’ ಅಂತ ಒಬ್ಬಳನ್ನು ಕರೆಯುವುದಕ್ಕೆ ಹುಡುಗಿಯರು ಕಿಸಕ್ಕನೆ ನಗುತ್ತಾರೆ. ಜಿಂಕೆಗಣ್ಣಿನವಳಿಗೆ ವ್ಯಾಕರಣ ಹೇಳಿಕೊಡುವ ಉಸಾಬರಿ ನೋಡಿ ಮಿಸ್ ಅಂತ.

‘ಈಗಿನ ಕವಿಗಳು ಯಾರೂ ಇದರಲ್ಲಿ ಬರೆಯೋದಿಲ್ಲ, ಮಕ್ಕಳಿಗೆ ಯಾಕೆ ಈ ಶಿಕ್ಷೆ?’ ಅಂತ ನನ್ನ ಸಹೋದ್ಯೋಗಿಯೊಬ್ಬರ ವಾದ. ಅವರ ಮಾತಿನಲ್ಲಿ ಹುರುಳಿಲ್ಲ ಅನ್ನೋದಿಲ್ಲ. ಆದರೆ ಬಿಟ್ಟದ್ದೇನು ಅಂತ ತಿಳಿಯಲಾದರೂ ಇದು ಬೇಕಲ್ಲ? ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು 700ರದ್ದು. ‘ಸಾಧುಗೆ ಸಾಧು’ ಅಂತ ಶುರುವಾಗುವ ಆ ತ್ರಿಪದಿಯಲ್ಲಿ ಸಾಧು, ಬಾಧಿಪ್ಪ, ಮಾಧವ ಅಂತ ಎರಡನೇ ಅಕ್ಷರದ ಪ್ರಾಸ ಆಗಲೇ ಕೂತಿದೆ. ಕಲ್ಲಿನ ಮೇಲೆ. ಸುಮಾರು 850ರ ಕವಿರಾಜಮಾರ್ಗ ಸಂಸ್ಕೃತದ ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡೇ ಕನ್ನಡದ ದಾರಿ ಹುಡುಕುತ್ತದೆ. ಓದದೆಯೂ ಕಾವ್ಯ ಬಲ್ಲವರು ಈ ನಾಡಿನ ಜನ ಅಂತ ಹೊಗಳುವ ಪುಸ್ತಕವೂ ಅದೇ. ಅಲಂಕಾರಶಾಸ್ತ್ರದ ಗ್ರಂಥವೇ ಹೀಗೆ ಹೇಳುವುದು ನನಗೆ ತುಂಬ ಇಷ್ಟ. ಇಷ್ಟು ಉದ್ದದ ರೂಢಿ ಇತ್ತು ಅಂತ ಗೊತ್ತಿದ್ದರೆ ತಾನೆ, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈ ಪ್ರಾಸ ಬಿಟ್ಟು ಬರೆದದ್ದು ಎಷ್ಟು ದೊಡ್ಡ ಧೈರ್ಯ ಅಂತ ತಿಳಿಯೋದು? ಬಸವಣ್ಣನೂ ಅಷ್ಟೇ. ಅಮೃತಗಣ, ದೇವಗಣ ಅರಿಯೆ, ಒಲಿದಂತೆ ಹಾಡುವೆ ಅನ್ನುತ್ತಾನೆ. ಗಣ ಅಂದರೇನು ಅಂತ ಗೊತ್ತಿಲ್ಲದವನಿಗೆ ಆ ವಚನದ ತುಂಟತನ ಅರ್ಧ ಕೈತಪ್ಪುತ್ತದೆ. ಗಣಗಳ ಹೆಸರು ಹೇಳಿಯೇ ಗೊತ್ತಿಲ್ಲ ಅನ್ನುವವನು ಅವನು!

ಧ್ವನಿಯನ್ನು ಪಠ್ಯದಲ್ಲಿ ಯಾರೂ ಕೇಳೋದಿಲ್ಲ. ನಾನು ಕದ್ದು ಹೇಳಿಕೊಡುತ್ತೇನೆ. ನೆಂಟರು ಬಂದು ರಾತ್ರಿಯಾದರೂ ಏಳುತ್ತಿಲ್ಲ. ಅಪ್ಪ, ‘ಕೊನೇ ಬಸ್ಸು ಎಂಟೂವರೆಗೆ ಅಲ್ವಾ?’ ಅಂತಾರೆ. ಪದಗಳ ಅರ್ಥ ಬಸ್ಸಿನ ಸಮಯ. ಕೇಳಿದವರಿಗೆ ತಲುಪಿದ್ದು ಬೇರೆ. ಅದು ಎಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಕೇಳಿಸಿದೆ. ಕಾವ್ಯದ ಜೀವ ಇದೇ ಅಂತ ಕಾಶ್ಮೀರದಲ್ಲಿ ಆನಂದವರ್ಧನ ಪುಸ್ತಕ ಬರೆದದ್ದು ಒಂಬತ್ತನೇ ಶತಮಾನದಲ್ಲಿ. ನಮ್ಮ ಕವಿರಾಜಮಾರ್ಗದಲ್ಲೂ ಧ್ವನಿಯ ಹೆಸರು ಬರುತ್ತದೆ, ಅಲಂಕಾರಗಳ ಸಾಲಿನಲ್ಲಿ ಒಂದು ಅಂತ. ಇದಕ್ಕಿಂತ ಮುಂದೆ ಓದುವ ಆಸೆ ಇರುವ ಕಾಲೇಜಿನ ಮಕ್ಕಳಿಗೆ ತೀ.ನಂ.ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ ಕೊಟ್ಟು ಕಳಿಸುತ್ತೇನೆ. ಒಂದು ಪ್ರತಿ ಹೋಗಿ ವಾಪಸ್ ಬಂದಿಲ್ಲ. ಓದುತ್ತಿದ್ದಾರೆ ಅಂದುಕೊಂಡಿದ್ದೇನೆ.

ನನಗೆ ನಿಜವಾಗಿ ಸಿಟ್ಟು ಬರೋದು ಗದ್ಯದ ವಿಷಯಕ್ಕೆ. ಪದ್ಯಕ್ಕೆ ಇಷ್ಟೆಲ್ಲ ಸಲಕರಣೆ ಕೊಟ್ಟು, ಕತೆಗೆ ಬಂದಾಗ ಬರಿಗೈಯಲ್ಲಿ ಕಳಿಸುತ್ತೇವೆ. ಕತೆ ಓದಿಯಾದ ಮೇಲೆ ಪ್ರಶ್ನೆ ಏನು? ‘ಯಾರು ಯಾರಿಗೆ ಹೇಳಿದರು?’, ‘ಈ ಪಾತ್ರದ ಸ್ವಭಾವ ವಿವರಿಸಿ’. ಕತೆ ಹೇಳುತ್ತಿರುವವರು ಯಾರು ಅನ್ನೋದನ್ನು ಕೇಳೋದೇ ಇಲ್ಲ. ನಿರೂಪಕ ಅನ್ನುವ ಒಂದು ಪದ ಕೊಟ್ಟರೆ ಸಾಕು, ಎಷ್ಟೋ ಬಾಗಿಲು ತೆರೆಯುತ್ತದೆ. ಮಾಸ್ತಿಯವರು ಎಷ್ಟೋ ಸಲ ಕತೆಯನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಿ ತಾವು ಕೇಳುವವರಾಗಿ ಕೂರುತ್ತಾರೆ. ಯಾಕೆ? ನಮಗೆ ಕತೆಯ ಜೊತೆಗೆ ಹೇಳುವವನ ಪರಿಚಯವೂ ಆಗಲಿ ಅಂತ.

ಇದಕ್ಕೆ ನಾನು ಹಿಡಿದುಕೊಂಡಿರೋದು ತೇಜಸ್ವಿಯವರ ‘ಕರ್ವಾಲೊ’. ನಮ್ಮ ಮಕ್ಕಳಿಗೆ ಆ ಕಾಡು, ಜೇನು, ಗದ್ದೆ ಎಲ್ಲ ಪಕ್ಕದ ಮನೆ. ಕತೆ ಹೇಳುವವನು ‘ನಾನು’, ಒಬ್ಬ ಕೃಷಿಕ. ಅವನಿಗೆ ವಿಜ್ಞಾನ ಪೂರ್ತಿ ಗೊತ್ತಿಲ್ಲ, ಕಾಡೂ ಪೂರ್ತಿ ಗೊತ್ತಿಲ್ಲ. ಅವನು ಅರ್ಧ ನಂಬುತ್ತಾ ಅರ್ಧ ಅನುಮಾನಿಸುತ್ತಾ ಹಾರುವ ಓತಿಯ ಹಿಂದೆ ಹೋಗುತ್ತಾನೆ. ನಾವೂ ಹಾಗೇ ಹೋಗುತ್ತೇವೆ. ಇದೇ ಕತೆಯನ್ನು ವಿಜ್ಞಾನಿ ಕರ್ವಾಲೊ ಹೇಳಿದ್ದರೆ? ಮೊದಲ ಪುಟದಲ್ಲೇ ಓತಿ ಬಂದುಬಿಡುತ್ತಿತ್ತು, ಹುಡುಕುವ ಕಾತರ ಇರುತ್ತಿರಲಿಲ್ಲ. ಕಾಡು ಬಲ್ಲ ಹಳ್ಳಿಗ ಮಂದಣ್ಣ ಹೇಳಿದ್ದರೆ? ಅವನು ಅದನ್ನು ದೊಡ್ಡ ವಿಷಯ ಅಂತ ಹೇಳುತ್ತಲೇ ಇರಲಿಲ್ಲವೇನೋ. ಇದನ್ನೆಲ್ಲ ಮಾತಾಡಿ, ಕಾದಂಬರಿಯ ಯಾವುದಾದರೂ ಒಂದು ತುಣುಕನ್ನು ಬೇರೆಯವರ ಬಾಯಲ್ಲಿ ಹೇಳಿಸಿ ಬರೆದು ತನ್ನಿ ಅಂದೆ.

ಹೆಚ್ಚಿನವರು ಮಂದಣ್ಣನನ್ನು ಹಿಡಿದರು. ಒಬ್ಬಳು ಅಡುಗೆಯವ ಬಿರಿಯಾನಿ ಕರಿಯಪ್ಪನ ಬಾಯಲ್ಲಿ ಬರೆದಳು, ಚೆನ್ನಾಗಿಯೇ ಇತ್ತು. ಶೀಟಿನ ಮೇಲಿನ ಮಳೆಗೆ ರೂಪಕ ಕೊಟ್ಟ ಹಿಂದಿನ ಬೆಂಚಿನ ಹುಡುಗ ಮಾತ್ರ ನಾಯಿಯನ್ನು ಆರಿಸಿಕೊಂಡಿದ್ದ. ಕತೆಗಾರನ ನಾಯಿ, ಹೆಸರು ಕಿವಿ. ಎರಡು ಪುಟ ಬರೆದಿದ್ದ. ಒದ್ದೆ ಎಲೆಯ ವಾಸನೆ, ಯಾರ ಕಾಲು ಯಾವ ಕಡೆ ತಿರುಗಿತು, ಕರಿಯಪ್ಪ ಒಲೆ ಹಚ್ಚಿದ ಜಾಗ, ಪಾತ್ರೆ ತೊಳೆದ ನೀರು ಹರಿದ ದಿಕ್ಕು. ಎಲ್ಲ ಇತ್ತು. ಹಾರುವ ಓತಿ ಒಂದು ಸಾಲಿನಲ್ಲೂ ಇರಲಿಲ್ಲ. ‘ಅಲ್ಲವೋ, ಇಡೀ ಕಾದಂಬರಿ ಓತಿಯ ಮೇಲಿದೆ, ಅದನ್ನೇ ಬಿಟ್ಟಿದ್ದೀಯಲ್ಲ?’ ಅಂದೆ.

‘ಓತಿ ಮರದ ಮೇಲಿತ್ತಲ್ಲ ಮಿಸ್, ನಾಯಿ ಯಾಕೆ ಮೇಲೆ ನೋಡುತ್ತೆ?’ ಅಂದ.